ಬಿಲ್ಟಿಯಲ್ಲಿ ಬರೆಯದ ಸರಕು

(ಹುಬ್ಬಳ್ಳಿಯಲ್ಲಿ ಲಾರಿ ಮಾಲೀಕರು, ಬುಕಿಂಗ್ ಕಚೇರಿಯ ಗುಮಾಸ್ತರು ಮತ್ತು ಚಾಲಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬಿಡಿಸಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಒಳಗೆ ಬರುವಾಗ ಬಾಗಿಲ ಬಳಿ ನಿಂತಿದ್ದ ನಾಲ್ಕೈದು ಮಂದಿ ಚಾಲಕರನ್ನು ಒಂದು ಪ್ರಶ್ನೆ ಕೇಳಿದೆ. ನಿಮ್ಮ ಲಾರಿಯಲ್ಲಿ ಈಗ ಡೀಸೆಲ್ ಎಷ್ಟಿದೆ? ಒಬ್ಬರು ಇನ್ನೂರು ಲೀಟರ್ ಇರಬಹುದು ಎಂದರು. ಇನ್ನೊಬ್ಬರು, ನಿನ್ನೆ ಹದಿನೈದು ಸಾವಿರದ್ದು ಹಾಕಿಸಿದ್ದೇನೆ ಎಂದರು. ಮೂರನೆಯವರು ಪುಣೆ ಮುಟ್ಟುತ್ತೇನೆ, ಚಿಂತೆಯಿಲ್ಲ ಎಂದರು. ಎಲ್ಲವೂ ಸರಿಯಾದ ಉತ್ತರಗಳೇ. ಆದರೆ ಒಬ್ಬರೂ ಕಿಲೊದಲ್ಲಿ ಹೇಳಲಿಲ್ಲ. ಇವತ್ತು ನಾನು ಮಾತನಾಡಲು ಬಂದಿರುವುದು ಆ ಹೇಳದೆ ಬಿಟ್ಟ ಉತ್ತರದ ಬಗ್ಗೆ.

ನಾವು ಸಿಮೆಂಟನ್ನು ತೂಗುತ್ತೇವೆ, ಜೋಳವನ್ನು ತೂಗುತ್ತೇವೆ, ಕಬ್ಬಿಣದ ಸರಳನ್ನು ತೂಗುತ್ತೇವೆ. ಬಿಲ್ಟಿಯಲ್ಲಿ, ಅಂದರೆ ಸರಕಿನ ಜೊತೆ ಹೋಗುವ ರಶೀದಿಯಲ್ಲಿ, ಅವುಗಳ ತೂಕ ಬರೆಯುತ್ತೇವೆ. ಅದೇ ಲಾರಿಯ ಪಕ್ಕದಲ್ಲಿ ಜೋತು ಬಿದ್ದಿರುವ ಟ್ಯಾಂಕಿನಲ್ಲಿ ಕ್ವಿಂಟಲುಗಟ್ಟಲೆ ಇನ್ನೊಂದು ಸರಕು ಹೋಗುತ್ತಿರುತ್ತದೆ. ಅದಕ್ಕೆ ಬಾಡಿಗೆ ಇಲ್ಲ, ಬಿಲ್ಟಿ ಇಲ್ಲ, ಇಳಿಸಿಕೊಳ್ಳುವವರಿಲ್ಲ. ದಾರಿಯಲ್ಲಿ ಕರಗುತ್ತಾ ಹೋಗುತ್ತದೆ, ನಡುವೆ ಎಲ್ಲೋ ಇದ್ದಕ್ಕಿದ್ದಂತೆ ಮತ್ತೆ ತುಂಬಿಕೊಳ್ಳುತ್ತದೆ. ಲೋಡ್ ಹೊಂದಿಸುವವನಿಗೆ ಇಂಥ ಸರಕು ಬೇರೆ ಯಾವುದೂ ಇಲ್ಲ.

ನಾನು ಇದನ್ನು ಕಲಿತದ್ದು ಪುಸ್ತಕ ಓದಿ ಅಲ್ಲ, ದಂಡ ಕಟ್ಟಿ.

2019ರ ಡಿಸೆಂಬರ್. ಕಲಬುರಗಿ ಜಿಲ್ಲೆಯ ಒಂದು ಕಾರ್ಖಾನೆಯಿಂದ ಹುಬ್ಬಳ್ಳಿಗೆ ಸಿಮೆಂಟ್ ಬರಬೇಕಿತ್ತು. ಲಾರಿ ಹೊಸದು, ಹತ್ತು ಚಕ್ರದ್ದು, ಪಾಸಿಂಗ್, ಅಂದರೆ ಸರಕು ಸೇರಿ ಲಾರಿ ತೂಗಬಹುದಾದ ಗರಿಷ್ಠ ತೂಕ, 28.5 ಟನ್. ಲೋಡ್ ಹೊಂದಿಸುವ ಮೇಜಿನ ಮುಂದೆ ಕುಳಿತವನು ನಾನೇ. ಕಾರ್ಖಾನೆಯ ಕಾಟಾದ (ಲಾರಿ ತೂಗುವ ತಕ್ಕಡಿಯ) ಮೇಲೆ ಖಾಲಿ ಲಾರಿ, ಚಾಲಕ ಮತ್ತು ಕ್ಲೀನರ್ ಸೇರಿ, 9,250 ಕಿಲೊ ತೂಗಿತು. 384 ಚೀಲ ಹಾಕಿಸಿ ಎಂದು ಫೋನಿನಲ್ಲಿ ಹೇಳಿದೆ. ತುಂಬಿದ ಮೇಲೆ, ಬರಿಯ ಚೀಲಗಳ ತೂಕವೂ ಸೇರಿ, 28,480. ಮಿತಿಗೆ ಇಪ್ಪತ್ತೇ ಕಿಲೊ ಕಡಿಮೆ. ಇಷ್ಟು ಅಚ್ಚುಕಟ್ಟಾಗಿ ತುಂಬಿಸಿದೆನಲ್ಲ ಎಂದು ಬೆನ್ನು ತಟ್ಟಿಕೊಂಡು ಚಹಾ ತರಿಸಿದೆ.

ಚಾಲಕ ಗೇಟು ದಾಟಿ ಮೊದಲ ಬಂಕಿನಲ್ಲಿ ನಿಲ್ಲಿಸಿದರು. 365 ಲೀಟರಿನ ಟ್ಯಾಂಕಿನಲ್ಲಿ ಎಪ್ಪತ್ತು ಲೀಟರ್ ಮಾತ್ರ ಉಳಿದಿತ್ತು. 290 ಲೀಟರ್ ಹಾಕಿಸಿದರು. ಹಾಕಿಸಿ ಎಂದು ಹಣ ಕೊಟ್ಟು ಕಳಿಸಿದವನೂ ನಾನೇ. ಜೇವರ್ಗಿ ದಾಟಿದ ಮೇಲೆ ತಪಾಸಣೆಯವರು ಕಾಟಾಕ್ಕೆ ಕರೆದೊಯ್ದರು. 28,710. ಅಷ್ಟು ದಾರಿಯಲ್ಲಿ ಹದಿನೈದು ಲೀಟರಿನಷ್ಟು ಉರಿದಿತ್ತು, ಇಲ್ಲದಿದ್ದರೆ ಇನ್ನೂ ಹತ್ತು ಕಿಲೊ ಹೆಚ್ಚು ತೋರಿಸುತ್ತಿತ್ತು.

ಅದೇ ವರ್ಷದ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಹೆಚ್ಚುವರಿ ಭಾರಕ್ಕೆ ಮೊದಲು ಇದ್ದ ದಂಡ 2,000 ರೂಪಾಯಿ ಮತ್ತು ಹೆಚ್ಚುವರಿ ಟನ್ನಿಗೆ 1,000. ತಿದ್ದುಪಡಿಯ ನಂತರ 20,000 ಮತ್ತು ಹೆಚ್ಚುವರಿ ಟನ್ನಿಗೆ 2,000. ಜೊತೆಗೆ, ಹೆಚ್ಚಾದ ಸರಕನ್ನು ನಮ್ಮದೇ ಖರ್ಚಿನಲ್ಲಿ ಕೆಳಗಿಳಿಸಬೇಕು. 210 ಕಿಲೊ ಎಂದರೆ ನಾಲ್ಕು ಚೀಲ ಸಾಲದು, ಐದು ಚೀಲ. ಆ ಐದು ಚೀಲಗಳನ್ನು ರಸ್ತೆ ಪಕ್ಕದ ಜಾಲಿ ಮರದ ಬುಡದಲ್ಲಿ ಇಳಿಸಿ, ಕ್ಲೀನರ್ ಹುಡುಗನನ್ನು ಅವುಗಳ ಕಾವಲಿಗೆ ಕೂರಿಸಿ, ಮರುದಿನ ಇನ್ನೊಂದು ಲಾರಿಯಲ್ಲಿ ಎತ್ತಿಸಿಕೊಂಡು ಬಂದೆವು. ಅದರಲ್ಲಿ ಒಂದು ಚೀಲ ಹರಿದಿತ್ತು. ಚಾಲಕ ನನ್ನ ಮೇಜಿನ ಮುಂದೆ ರಶೀದಿ ಇಟ್ಟು, ಸಿಟ್ಟಿಲ್ಲದೆಯೇ ಒಂದು ಮಾತು ಹೇಳಿದರು: “ಸಾಹೇಬರೇ, ನೀವು ಸಿಮೆಂಟಿನ ಲೆಕ್ಕ ಹಾಕಿದಿರಿ, ಡೀಸೆಲ್ ಲೆಕ್ಕ ಹಾಕಲಿಲ್ಲ.”

ಆ ಐದು ಚೀಲಗಳನ್ನು ಮೊದಲೇ ಬಿಟ್ಟಿದ್ದರೆ ಕಳೆದುಕೊಳ್ಳುತ್ತಿದ್ದುದೇನು? ಟನ್ನಿಗೆ ಸಾವಿರ ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಇನ್ನೂರೈವತ್ತು ರೂಪಾಯಿ.

ಈಗ ಲೆಕ್ಕಕ್ಕೆ ಬರೋಣ. ಡೀಸೆಲ್ ನೀರಿಗಿಂತ ಹಗುರ ಎಂಬುದು ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿದರೆ ಅದು ತಳದಲ್ಲಿ ನಿಲ್ಲುವುದನ್ನು ನೀವೇ ನೋಡಿದ್ದೀರಿ. ಎಷ್ಟು ಹಗುರ? ಬಂಕಿನ ಯಂತ್ರದ ಮೇಲೆ, ಕೆಲವೆಡೆ ರಶೀದಿಯಲ್ಲಿ, ಸಾಂದ್ರತೆ ಎಂದು ಒಂದು ಸಂಖ್ಯೆ ಬರೆದಿರುತ್ತಾರೆ. 15 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಲೆಕ್ಕ ಅದು. ನಮ್ಮಲ್ಲಿ ಸಿಗುವ ಡೀಸೆಲ್ ಸಾಮಾನ್ಯವಾಗಿ ಲೀಟರಿಗೆ 820ರಿಂದ 845 ಗ್ರಾಂ ನಡುವೆ ಇರುತ್ತದೆ. ನಾನು 830ರ ಆಸುಪಾಸು ಹಿಡಿಯುತ್ತೇನೆ. ಇದಕ್ಕೆ ಕ್ಯಾಲ್ಕುಲೇಟರ್ ಬೇಕಿಲ್ಲ. ಆರಕ್ಕೆ ಐದು, ಅಷ್ಟೇ. ಆರು ಲೀಟರ್ ಡೀಸೆಲ್ ಐದು ಕಿಲೊ. 60 ಲೀಟರ್ 50 ಕಿಲೊ, ಅಂದರೆ ಒಂದು ಚೀಲ ಸಿಮೆಂಟ್. 300 ಲೀಟರ್ ಐದು ಚೀಲ. 360 ಲೀಟರ್ ಆರು ಚೀಲ, ಮೂರು ಕ್ವಿಂಟಲ್. ನನ್ನ ಮೇಜಿನ ಗಾಜಿನ ಕೆಳಗೆ “ಆರಕ್ಕೆ ಐದು” ಎಂದು ಬರೆದ ಚೀಟಿ ಈಗಲೂ ಇದೆ.

820 ಮತ್ತು 845ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 365 ಲೀಟರಿಗೆ ಅದು ಒಂಬತ್ತು ಕಿಲೊ ಆಗುತ್ತದೆ. ಕೋಲಾರದ ಒಂದು ಬಾಕ್ಸ್ ಟೊಮೆಟೊ ಇದಕ್ಕಿಂತ ಭಾರ. ನಮ್ಮ ಕಾಟಾಗಳೇ ಹತ್ತು ಕಿಲೊಗೊಮ್ಮೆ, ದೊಡ್ಡವು ಇಪ್ಪತ್ತು ಕಿಲೊಗೊಮ್ಮೆ ಅಂಕಿ ಬದಲಿಸುತ್ತವೆ. ಬಿಸಿಲಿನ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಬಿಸಿಯಾದರೆ ಡೀಸೆಲ್ ಹಿಗ್ಗುತ್ತದೆ, ಇಪ್ಪತ್ತು ಡಿಗ್ರಿ ಏರಿದರೆ ನೂರು ಲೀಟರಿಗೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು. ಮುಂಜಾನೆ ಮೂತಿಯವರೆಗೆ ತುಂಬಿಸಿದ ಟ್ಯಾಂಕು ರಾಯಚೂರಿನ ಮಧ್ಯಾಹ್ನಕ್ಕೆ ಮುಚ್ಚಳದಲ್ಲಿ ಜಿನುಗುವುದು ಇದರಿಂದಲೇ. ಆದರೆ ಹಿಗ್ಗುವುದು ಅಳತೆ, ತೂಕವಲ್ಲ. ಟ್ಯಾಂಕಿನಲ್ಲಿ ಇರುವ 250 ಕಿಲೊ ಬಿಸಿಲಿನಲ್ಲೂ 250 ಕಿಲೊವೇ.

ಹೊಸ ಲಾರಿಗಳಲ್ಲಿ ಇನ್ನೊಂದು ಟ್ಯಾಂಕು ಬಂದಿದೆ, ಮರೆಯಬೇಡಿ. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮದ ಲಾರಿಗಳು ಬಂದ ಮೇಲೆ ಹೊಗೆ ತೊಳೆಯುವ ದ್ರವ, ನಾವು ಯೂರಿಯಾ ಎಂದು ಕರೆಯುವುದು, ಬೇರೆ ನೀಲಿ ಮುಚ್ಚಳದ ಟ್ಯಾಂಕಿನಲ್ಲಿ ಇರುತ್ತದೆ. ನೂರರಲ್ಲಿ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಇದು ನೀರಿಗಿಂತ ಭಾರ. ಡೀಸೆಲ್‌ಗೆ ಆರಕ್ಕೆ ಐದು ಎಂದರೆ ಇದಕ್ಕೆ ಹತ್ತಕ್ಕೆ ಹನ್ನೊಂದು. ನಲವತ್ತು ಲೀಟರಿಗೆ 44 ಕಿಲೊ. ಡೀಸೆಲ್‌ನಷ್ಟು ಬೇಗ ಖರ್ಚಾಗುವುದೂ ಇಲ್ಲ, ಹಾಗಾಗಿ ದಾರಿಯುದ್ದಕ್ಕೂ ಸುಮಾರಾಗಿ ಇದ್ದಷ್ಟೇ ಇರುತ್ತದೆ.

ಇನ್ನು ಆರ್‌.ಸಿ. ಪುಸ್ತಕದಲ್ಲಿ ಬರೆದಿರುವ ಖಾಲಿ ತೂಕ. ಬಹಳ ಗುಮಾಸ್ತರು ಪಾಸಿಂಗ್ ತೂಕದಿಂದ ಈ ಸಂಖ್ಯೆ ಕಳೆದು, ಉಳಿದದ್ದೆಲ್ಲ ಸರಕು ಎಂದು ತುಂಬಿಸುತ್ತಾರೆ. ನಾನೂ ಮೊದಲ ವರ್ಷಗಳಲ್ಲಿ ಹಾಗೆಯೇ ಮಾಡಿದವನು. ಕಾಯಿದೆಯ ವ್ಯಾಖ್ಯಾನದಲ್ಲಿ ಖಾಲಿ ತೂಕ ಎಂದರೆ ಕೆಲಸ ಮಾಡುವಾಗ ಲಾರಿಯಲ್ಲಿ ಸಾಮಾನ್ಯವಾಗಿ ಇರುವ ಸಲಕರಣೆಗಳೆಲ್ಲ ಸೇರಿದ ತೂಕ. ಚಾಲಕ ಮತ್ತು ಸಹಾಯಕನ ತೂಕ ಅದರಲ್ಲಿ ಇಲ್ಲ. ಬಾಡಿ ಕಟ್ಟುವವರ ಅಂಗಳದಿಂದ ಹೊಸ ಲಾರಿ ಕಾಟಾಕ್ಕೆ ಹೋಗುವ ದಿನ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇರುತ್ತದೆ? ನಾನು ಕಂಡ ಮಟ್ಟಿಗೆ ಹತ್ತು-ಇಪ್ಪತ್ತು ಲೀಟರ್. ಟಾರ್ಪಾಲು ಇಲ್ಲ, ಹಗ್ಗ ಇಲ್ಲ, ಸ್ಟೌವ್ ಇಲ್ಲ, ನೀರಿನ ಕ್ಯಾನ್ ಇಲ್ಲ. ಅದೇ ಲಾರಿ ಮೂರು ತಿಂಗಳ ನಂತರ ಹೇಗಿರುತ್ತದೆ ನೋಡಿ: ತುಂಬಿದ ಟ್ಯಾಂಕು, ಇಬ್ಬರು ಮನುಷ್ಯರು, ಎರಡು ಟಾರ್ಪಾಲು, ಮಳೆ ಬಂದಿದ್ದರೆ ನೆನೆದು ಭಾರವಾದ ಟಾರ್ಪಾಲು, ಹಗ್ಗದ ಸುರುಳಿ, ಜಾಕ್, ಅಕ್ಕಿ ಡಬ್ಬ. ಇವೆಲ್ಲ ಸೇರಿ ಅರ್ಧ ಟನ್ ದಾಟುವುದು ದೊಡ್ಡ ಮಾತಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ಹಾಗಾಗಿ ಪುಸ್ತಕದ ಖಾಲಿ ತೂಕದಿಂದ ಲೋಡ್ ಹೊಂದಿಸಬೇಡಿ. ನಿಮ್ಮ ಲಾರಿಯನ್ನು ಟ್ಯಾಂಕು ತುಂಬಿಸಿ, ಸಾಮಾನು ಸಮೇತ, ಜನ ಸಮೇತ ಒಮ್ಮೆ ತೂಗಿ, ಆ ಸಂಖ್ಯೆಯನ್ನು ಕಚೇರಿಯ ಗೋಡೆಯ ಮೇಲೆ ಬರೆದಿಡಿ. ಲಾರಿಯ ನಿಜವಾದ ಖಾಲಿ ತೂಕ ಅದು.

ಪಾಸಿಂಗ್ ಸಂಖ್ಯೆಗಳು ನಿಮಗೆ ಬಾಯಿಪಾಠ ಇರುತ್ತವೆ, ಆದರೂ ಒಮ್ಮೆ ಹೇಳುತ್ತೇನೆ. 2018ರ ಜುಲೈ 16ರ ಕೇಂದ್ರ ಅಧಿಸೂಚನೆ ಮುಂದಿನ ಎರಡು ಟೈರಿನ ಆಕ್ಸಲ್ (ಚಕ್ರಗಳನ್ನು ಹೊತ್ತ ಅಚ್ಚು) ಮಿತಿಯನ್ನು 6ರಿಂದ 7 ಟನ್ನಿಗೆ, ನಾಲ್ಕು ಟೈರಿನ ಹಿಂದಿನ ಆಕ್ಸಲ್ ಮಿತಿಯನ್ನು 10.2ರಿಂದ 11.5ಕ್ಕೆ, ಜೋಡಿ ಆಕ್ಸಲ್ ಮಿತಿಯನ್ನು 19ರಿಂದ 21ಕ್ಕೆ ಏರಿಸಿತು. ಒಟ್ಟು ತೂಕದ ಮಿತಿ ಆರು ಚಕ್ರದ ಲಾರಿಗೆ 18.5, ಹತ್ತು ಚಕ್ರದ್ದಕ್ಕೆ 28.5 ಟನ್ ಆಯಿತು. ಟ್ರೇಲರಿನ ಗರಿಷ್ಠ ಮಿತಿ 49ರಿಂದ 55 ಆಯಿತು. ಆದರೆ ನಿಮ್ಮ ಆರ್‌.ಸಿ.ಯಲ್ಲಿ ಬರೆದಿರುವ ಸಂಖ್ಯೆಯೇ ನಿಮ್ಮ ಸಂಖ್ಯೆ, ಪಕ್ಕದವರ ಲಾರಿಯದ್ದಲ್ಲ.

ಈ ಆಕ್ಸಲ್ ಮಾತು ಬಂದದ್ದು ಒಳ್ಳೆಯದಾಯಿತು. ಡೀಸೆಲ್ ತೂಕದಲ್ಲಿ ನಿಜವಾಗಿ ತಲೆ ಓಡಿಸಬೇಕಾದ ಜಾಗ ಇದೇ. ಒಟ್ಟು ತೂಕ ಸರಿಯಿದ್ದರೆ ಆಯಿತು ಎಂದುಕೊಳ್ಳುತ್ತೇವೆ. ಆ ತೂಕ ಯಾವ ಆಕ್ಸಲ್ ಮೇಲೆ ಕುಳಿತಿದೆ ಎಂದು ಕೇಳುವುದಿಲ್ಲ.

ಒಂದು ಬೊಂಬಿಗೆ ಕೊಡ ನೇತುಹಾಕಿ ಇಬ್ಬರು ಹೆಗಲು ಕೊಟ್ಟು ಹೊರುವುದನ್ನು ನೋಡಿದ್ದೀರಿ. ಕೊಡ ನಡುವೆ ಇದ್ದರೆ ಇಬ್ಬರಿಗೂ ಸಮ. ಮುಂದಿನವನ ಕಡೆಗೆ ಜಾರಿದರೆ ಅವನಿಗೆ ಭಾರ. ಲಾರಿಯ ಮುಂದಿನ ಆಕ್ಸಲ್ ಮುಂದಿನವನು, ಹಿಂದಿನ ಆಕ್ಸಲ್ ಹಿಂದಿನವನು, ಚಾಸಿಸ್ ಬೊಂಬು. ಡೀಸೆಲ್ ಟ್ಯಾಂಕು ಎಲ್ಲಿದೆ? ಕ್ಯಾಬಿನ್ ಬೆನ್ನಿಗೆ, ಚಾಸಿಸ್ ಪಕ್ಕದಲ್ಲಿ, ಅಂದರೆ ಮುಂದಿನವನ ಹತ್ತಿರ. ಆಕ್ಸಲ್‌ಗಳ ನಡುವಿನ ದೂರ 4.8 ಮೀಟರ್, ಟ್ಯಾಂಕಿನ ನಡುಭಾಗ ಮುಂದಿನ ಆಕ್ಸಲ್‌ನಿಂದ 1.6 ಮೀಟರ್ ಹಿಂದೆ ಎಂದಿಟ್ಟುಕೊಳ್ಳಿ. ಆಗ ಡೀಸೆಲ್ ತೂಕದ ಮೂರರಲ್ಲಿ ಎರಡು ಪಾಲು ಮುಂದೆ, ಒಂದು ಪಾಲು ಹಿಂದೆ. 300 ಲೀಟರ್, 250 ಕಿಲೊ: ಮುಂದಕ್ಕೆ 167, ಹಿಂದಕ್ಕೆ 83.

ಮುಂದಿನ ಆಕ್ಸಲ್ ಮಿತಿ ಏಳೇ ಟನ್. ಅದರಲ್ಲಿ ಎಂಜಿನ್, ಕ್ಯಾಬಿನ್, ಇಬ್ಬರು ಮನುಷ್ಯರು ಆಗಲೇ ಮೂರೂವರೆ ಟನ್ ನುಂಗಿರುತ್ತಾರೆ. ಈಗ ಒಂದು ವಿಚಿತ್ರ ನೋಡಿ. ಆರು ಚಕ್ರದ ಲಾರಿಯಲ್ಲಿ 11.2 ಟನ್ ಸರಕು ಉದ್ದಕ್ಕೂ ಸಮವಾಗಿ ಹರಡಿದೆ. ಸರಕಿನ ನಡುಭಾಗ ಹಿಂದಿನ ಆಕ್ಸಲ್‌ನಿಂದ ಒಂದೂಕಾಲು ಮೀಟರ್ ಮುಂದಿದ್ದರೆ, ಮುಂದಿನ ಆಕ್ಸಲ್‌ಗೆ ಅದರಲ್ಲಿ ಸುಮಾರು 2.9 ಟನ್ ಬರುತ್ತದೆ. ಲಾರಿಯದೇ 3.5, ಸೇರಿ 6.4, ತುಂಬಿದ ಟ್ಯಾಂಕಿನ 0.17 ಸೇರಿದರೂ 6.6ರ ಒಳಗೇ. ಲಾರಿಯ ಖಾಲಿ ತೂಕ 6.2 ಎಂದಾದರೆ, ಸರಕು ಮತ್ತು ಡೀಸೆಲ್ ಸೇರಿ ಒಟ್ಟು ತೂಕ 17.65. ಎಲ್ಲವೂ ಸರಿ. ದಾವಣಗೆರೆಯಲ್ಲಿ ಹಿಂದಿನ ಬಾಗಿಲು ತೆಗೆದು ಅರ್ಧ ಸರಕು ಇಳಿಸಿದಿರಿ. ಹಮಾಲರು ಹಿಂದಿನಿಂದಲೇ ಇಳಿಸುತ್ತಾರೆ, ಸಹಜ. ಉಳಿದ 5.6 ಟನ್ ಕ್ಯಾಬಿನ್ ಬೆನ್ನಿಗೆ ಒರಗಿ ಕುಳಿತಿದೆ. 6.7 ಮೀಟರ್ ಉದ್ದದ ಬಾಡಿಯಾದರೆ, ಈ ಅರ್ಧ ಸರಕಿನಿಂದ ಮುಂದಿನ ಆಕ್ಸಲ್‌ಗೆ ಬೀಳುವುದು 3.4 ಟನ್! ಪೂರ್ತಿ ಸರಕು ಇದ್ದಾಗ ಬಿದ್ದದ್ದಕ್ಕಿಂತ ಹೆಚ್ಚು. 3.5ಕ್ಕೆ 3.4 ಸೇರಿ 6.9. ಲಾರಿ ಹಗುರವಾಯಿತು, ಇನ್ನೇನು, ಟ್ಯಾಂಕು ತುಂಬಿಸಿಕೊಂಡು ಬೆಂಗಳೂರಿಗೆ ಹೊರಡೋಣ ಎಂದು ಬಂಕಿಗೆ ಹೋಗಿ 300 ಲೀಟರ್ ಹಾಕಿಸಿದಿರಿ. 7.07. ಹದಿನೆಂಟೂವರೆ ಟನ್ ಪಾಸಿಂಗ್ ಇರುವ ಲಾರಿ ಹನ್ನೆರಡು ಟನ್ ಹೊತ್ತು ನಿಂತಿದೆ, ಆದರೂ ಮುಂದಿನ ಆಕ್ಸಲ್ ಮಿತಿ ಮೀರಿದೆ.

ಹಲಗೆಯ ಮೇಲೆ ಇದನ್ನು ಬರೆದಾಗ ಹಿಂದಿನ ಸಾಲಿನ ಹಿರಿಯ ಮಾಲೀಕರೊಬ್ಬರು, “ಅದಕ್ಕೇ ಅರ್ಧ ಲೋಡಿನಲ್ಲಿ ಸ್ಟೇರಿಂಗ್ ಕಲ್ಲಿನಂತಾಗುತ್ತದೆ” ಎಂದರು. ಹೌದು. ಮುಂದಿನ ಟೈರು ಬೇಗ ಸವೆಯುವುದಕ್ಕೂ ಇದೊಂದು ಕಾರಣ. ಔಷಧ ಸುಲಭ, ಆದರೆ ಹಮಾಲರಿಗೆ ಇಷ್ಟವಾಗದು: ಉಳಿದ ಸರಕಿನಲ್ಲಿ ಒಂದಿಷ್ಟನ್ನು ಹಿಂದಕ್ಕೆ ಸರಿಸಬೇಕು. ಇಲ್ಲವಾದರೆ ಆ ಹಂತದಲ್ಲಿ ಟ್ಯಾಂಕು ಅರ್ಧಕ್ಕೆ ತುಂಬಿಸಿದರೆ ಸಾಕು.

ಕೆಲವರು ಕೇಳುತ್ತಾರೆ, ನೂರಿನ್ನೂರು ಕಿಲೊಗೆ ರಸ್ತೆಗೇನು ಆಗಿಬಿಡುತ್ತದೆ? ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬಲ್ಲಿ 1958ರಿಂದ 1960ರವರೆಗೆ ರಸ್ತೆಗಳನ್ನೇ ಕಟ್ಟಿ, ಅವುಗಳ ಮೇಲೆ ಹಗಲಿರುಳು ಲಾರಿ ಓಡಿಸಿ ನೋಡಿದರು. ಅದರಿಂದ ಹೊರಬಂದ ಸ್ಥೂಲ ನಿಯಮವೆಂದರೆ, ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತದಂತೆ ಏರುತ್ತದೆ. 11.5 ಟನ್ ಇರಬೇಕಾದ ಆಕ್ಸಲ್ 11.75 ಆದರೆ ಭಾರ ಹೆಚ್ಚಿದ್ದು ನೂರಕ್ಕೆ ಎರಡು, ಹಾನಿ ಹೆಚ್ಚಿದ್ದು ನೂರಕ್ಕೆ ಒಂಬತ್ತು. ಬಳ್ಳಾರಿ ಅದಿರು ಲಾರಿಗಳ ಕಾಲದಲ್ಲಿ ಹೊಸಪೇಟೆ ಸುತ್ತಿನ ರಸ್ತೆ ಕಂಡವರಿಗೆ ಈ ಲೆಕ್ಕ ಬೇರೆ ಹೇಳಬೇಕಿಲ್ಲ. ಅಲ್ಲಿ ಡೀಸೆಲ್ ತೂಕದ ಮಾತು ಎತ್ತಿದ್ದರೆ ನಗುತ್ತಿದ್ದರು, ಅದು ಬೇರೆ ಮಾತು.

ಸರಿ, ಹಾಗಾದರೆ ಟ್ಯಾಂಕು ಕಡಿಮೆ ತುಂಬಿಸಿಕೊಂಡು ಸರಕು ಹೆಚ್ಚು ಹಾಕುವುದು ಜಾಣತನವೇ? ಈ ಸಲಹೆ ಕೊಡುವವರು ಬಹಳ. ನನಗೆ ಅಷ್ಟೇನೂ ಒಪ್ಪಿಗೆಯಿಲ್ಲ. 150 ಲೀಟರ್ ಕಡಿಮೆ ಹಾಕಿಸಿದರೆ ಆರಕ್ಕೆ ಐದರಂತೆ 125 ಕಿಲೊ ಜಾಗ ಸಿಗುತ್ತದೆ. ಟನ್ನಿಗೆ ಸಾವಿರ ಬಾಡಿಗೆಯಾದರೆ 125 ರೂಪಾಯಿ. ಅದೇ 150 ಲೀಟರನ್ನು ಗಡಿಯಾಚೆ ಲೀಟರಿಗೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟು ಹಾಕಿಸಿದರೆ 600 ರೂಪಾಯಿ ಹೋಯಿತು. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ, ಮತ್ತೆ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿತು. ಆ ಮೇಲೂ ಕೇರಳ, ಆಂಧ್ರ, ತೆಲಂಗಾಣಗಳಿಗಿಂತ ನಮ್ಮಲ್ಲಿ ದರ ಕಡಿಮೆಯೇ ಇತ್ತು. ಗಡಿ ದಾಟುವ ಮೊದಲಿನ ಬಂಕುಗಳ ಮುಂದೆ ಸಾಲು ನಿಲ್ಲುವುದು ಸುಮ್ಮನೆಯಲ್ಲ. ಆದ್ದರಿಂದ ಗಡಿಯಾಚೆ ಹೋಗುವ ಲಾರಿಗೆ ಪೂರ್ತಿ ಟ್ಯಾಂಕಿನ ಲೆಕ್ಕ ಹಿಡಿದೇ ಲೋಡ್ ಹೊಂದಿಸಿ. ಚಾಲಕ ಹೇಗೂ ತುಂಬಿಸುತ್ತಾರೆ, ತುಂಬಿಸಲಿ.

ತೀರಾ ಕಡಿಮೆ ಡೀಸೆಲ್‌ನಲ್ಲಿ ಓಡಿಸುವುದಕ್ಕೆ ಬೇರೆಯೇ ಬೆಲೆಯಿದೆ. ಶಿರಾಡಿಯಂಥ ಏರಿನಲ್ಲಿ, ತಿರುವಿನಲ್ಲಿ ತಳದ ಡೀಸೆಲ್ ಒಂದು ಕಡೆ ಸರಿದು ಪೈಪಿಗೆ ಸಿಗದೆ ಏರ್ ಹಿಡಿಯುತ್ತದೆ, ಅಂದರೆ ಪೈಪಿಗೆ ಗಾಳಿ ಹೊಕ್ಕು ಎಂಜಿನ್ ನಿಲ್ಲುತ್ತದೆ. ಮಳೆಯಲ್ಲಿ, ಅರ್ಧ ಏರಿನಲ್ಲಿ, ಹಿಂದೆ ಐವತ್ತು ವಾಹನ ನಿಲ್ಲಿಸಿಕೊಂಡು ಏರ್ ತೆಗೆದವರು ಈ ಸಭೆಯಲ್ಲೂ ಇದ್ದೀರಿ. 125 ರೂಪಾಯಿಗೆ ಆ ಕೆಲಸ ಬೇಡ.

ಒಂದು ಮಾತು ಮಧ್ಯೆ ಹೇಳಿಬಿಡಬೇಕು. ಈ ತಲೆನೋವೆಲ್ಲ ತೂಕದ ಸರಕಿಗೆ ಮಾತ್ರ. ದಾವಣಗೆರೆಯ ಮಂಡಕ್ಕಿ ಚೀಲ, ಹತ್ತಿ, ಹಾಸಿಗೆಯ ಸ್ಪಂಜು, ಪ್ಲಾಸ್ಟಿಕ್ ಕುರ್ಚಿ ಹೇರುವವರು ನಿಶ್ಚಿಂತೆಯಿಂದ ಟ್ಯಾಂಕು ತುಂಬಿಸಬಹುದು. ಅವರ ಲಾರಿಯಲ್ಲಿ ಮೊದಲು ಮುಗಿಯುವುದು ಜಾಗ.

ತೂಕದ ಸರಕಿನವರು ನೆನಪಿಡಬೇಕಾದ ಗಳಿಗೆ ಯಾವುದು? ಕಾರ್ಖಾನೆಯ ಗೇಟಿನಲ್ಲಿ ತೂಗುವ ಗಳಿಗೆಯಲ್ಲ. ಪಯಣದಲ್ಲಿ ಲಾರಿ ಅತಿ ಭಾರವಾಗಿರುವುದು ಡೀಸೆಲ್ ತುಂಬಿಸಿ ಬಂಕಿನಿಂದ ಹೊರಬಿದ್ದ ಗಳಿಗೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಹತ್ತು ಚಕ್ರದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ, ನಾನೂರು ಕಿಲೋಮೀಟರಿಗೆ ನೂರು ಲೀಟರ್, ಸುಮಾರು 83 ಕಿಲೊ ಉರಿಸಿರುತ್ತದೆ. ಹೊರಡುವ ಮೊದಲೇ ತುಂಬಿಸಿ ತೂಗಿದರೆ ಅಲ್ಲಿಂದಾಚೆ ತೂಕ ಇಳಿಯುವುದೇ ಹೊರತು ಏರುವುದಿಲ್ಲ. ಅರ್ಧ ಟ್ಯಾಂಕಿನಲ್ಲಿ ತೂಗಿ, ತುಮಕೂರಿನಲ್ಲಿ ತುಂಬಿಸಿಕೊಂಡರೆ ಬೆಂಗಳೂರಿನ ಹೊಸ್ತಿಲಲ್ಲಿ ಹೊರಟಾಗ ಇದ್ದದ್ದಕ್ಕಿಂತ ಭಾರವಾಗಿರುತ್ತೀರಿ. ನನ್ನ 2019ರ ತಪ್ಪು ಇದೇ, ಬರೀ ದಾರಿ ಬೇರೆ.

ಈಗ ಸ್ವಲ್ಪ ಮುಜುಗರದ ವಿಷಯ. ಡೀಸೆಲ್ ತೂಕ ಗೊತ್ತಿಲ್ಲದವರು ದಂಡ ಕಟ್ಟುತ್ತಾರೆ. ಚೆನ್ನಾಗಿ ಗೊತ್ತಿರುವ ಕೆಲವರು ಅದನ್ನು ಮಾರುತ್ತಾರೆ. ಹೇಗೆ? ಗುಜರಿ ಕಬ್ಬಿಣ ಹೇರುವ ಲಾರಿ ಮೊದಲು ಖಾಲಿ ತೂಗಬೇಕು, ಆಮೇಲೆ ತುಂಬಿ ತೂಗಬೇಕು. ಖಾಲಿ ತೂಗುವಾಗ ಟ್ಯಾಂಕು ಬತ್ತಿರುತ್ತದೆ. ತುಂಬಿಕೊಂಡು ಬರುವ ದಾರಿಯಲ್ಲಿ 300 ಲೀಟರ್ ಹಾಕಿಸಿದರೆ ಕಾಟಾ ಚೀಟಿಯಲ್ಲಿ 250 ಕಿಲೊ ಡೀಸೆಲ್ ಗುಜರಿ ಕಬ್ಬಿಣವಾಗಿ ಕೂರುತ್ತದೆ. ಕೊಂಡವನು ಕಬ್ಬಿಣದ ದರದಲ್ಲಿ ಅದಕ್ಕೆ ಹಣ ಕೊಡುತ್ತಾನೆ, ಡೀಸೆಲ್ ಲಾರಿಯಲ್ಲೇ ಉಳಿಯುತ್ತದೆ. ಇಳಿಸುವ ಕಡೆ ಇದು ತಿರುಗುಮುರುಗು. ಅಲ್ಲಿ ಮೊದಲು ತುಂಬಿದ ತೂಕ, ಆಮೇಲೆ ಖಾಲಿ ತೂಕ. ನಡುವೆ ಟ್ಯಾಂಕು ತುಂಬಿದರೆ ಖಾಲಿ ತೂಕ ಏರಿ, ಸರಕು ಕಡಿಮೆ ಬಂದಂತೆ ಕಾಣುತ್ತದೆ. ಕಬ್ಬಿನ ರೈತನ ಲೆಕ್ಕದಲ್ಲಿ ಹೇಳುವುದಾದರೆ, 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ದರ ನೂರಕ್ಕೆ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಎರಡೂವರೆ ಕ್ವಿಂಟಲ್ ಮಾಯವಾದರೆ ಒಂದು ಲೋಡಿಗೆ 887 ರೂಪಾಯಿ ಐವತ್ತು ಪೈಸೆ. ಕಾಟಾದ ತಪ್ಪಲ್ಲ ಇದು. ಕಾಟಾಕ್ಕೆ ವರ್ಷಕ್ಕೊಮ್ಮೆ ಮುದ್ರೆ ಬಿದ್ದಿರಬಹುದು, ಅದು ನಿಂತ ಭಾರವನ್ನು ನಿಯತ್ತಾಗಿಯೇ ಹೇಳುತ್ತಿರಬಹುದು. ಆ ಭಾರದಲ್ಲಿ ಯಾವುದು ಕಬ್ಬು, ಯಾವುದು ಡೀಸೆಲ್ ಎಂದು ಅದಕ್ಕೆ ತಿಳಿಯುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡದ್ದು ಒಂದು ಕಡ್ಡಿ. ಚಾಲಕರೆಲ್ಲ ಟ್ಯಾಂಕಿಗೆ ಇಳಿಬಿಟ್ಟು ನೋಡುವ ಅದೇ ಕಡ್ಡಿ. ಎರಡೂ ಬಾರಿ ತೂಗುವಾಗ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ, ಎಷ್ಟು ಸೆಂಟಿಮೀಟರ್ ಒದ್ದೆಯಾಯಿತು ಎಂದು ಕಾಟಾ ಚೀಟಿಯ ಹಿಂದೆ ಬರೆಸುತ್ತೇನೆ. ಮೊದಲ ತಿಂಗಳು ಎಲ್ಲರೂ ಮುಖ ಸಿಂಡರಿಸಿದರು. ಪ್ರಾಮಾಣಿಕ ಚಾಲಕರೇ ಮೊದಲು ಒಪ್ಪಿದವರು, ಏಕೆಂದರೆ ಸರಕು ಕಡಿಮೆ ಬಂತು ಎಂಬ ಜಗಳದಲ್ಲಿ ಮೊದಲು ಬೈಗುಳ ತಿನ್ನುವವರು ಅವರು.

ಹೊರದೇಶದಲ್ಲಿ ಲಾರಿ ಓಡಿಸುವವರಿಗೂ ಈ ಪಾಡು ತಪ್ಪಿಲ್ಲ. ಅಮೆರಿಕದ ಹೆದ್ದಾರಿಗಳಲ್ಲಿ ಒಟ್ಟು ಮಿತಿ 80,000 ಪೌಂಡ್. ಅವರ ಒಂದು ಗ್ಯಾಲನ್ ಡೀಸೆಲ್ ಏಳು ಪೌಂಡ್ ತೂಗುತ್ತದೆ. ಎರಡೂ ಕಡೆಯ ಟ್ಯಾಂಕಿನಲ್ಲಿ ಸೇರಿ ಇನ್ನೂರು ಗ್ಯಾಲನ್ ಇದ್ದರೆ 1,400 ಪೌಂಡ್, ನಮ್ಮ ಲೆಕ್ಕದಲ್ಲಿ ಆರೂಕಾಲು ಕ್ವಿಂಟಲಿಗಿಂತ ಹೆಚ್ಚು. ಅಲ್ಲಿ ಟ್ರೇಲರಿನ ಹಿಂದಿನ ಆಕ್ಸಲ್ ಜೋಡಿಯನ್ನು ಹಿಂದೆ ಮುಂದೆ ಸರಿಸುವ ವ್ಯವಸ್ಥೆಯಿದೆ. ನಮ್ಮಲ್ಲಿ ಸರಿಸಲು ಇರುವುದು ಸರಕೊಂದೇ.

ಮಾತು ಮುಗಿಸಿ ಕುಳಿತಾಗ ಪ್ರಶ್ನೆಗಳು ಬಂದವು. ಮಾಲೀಕರೊಬ್ಬರು ಬ್ಯಾಟರಿ ಲಾರಿಯ ಬಗ್ಗೆ ಕೇಳಿದರು: ಅದರಲ್ಲಿ ಡೀಸೆಲ್ ಇಲ್ಲವಲ್ಲ, ಈ ಲೆಕ್ಕವೇ ಬೇಡವೇ? ಲೆಕ್ಕ ಸುಲಭ, ಆದರೆ ಭಾರ ಹೆಚ್ಚು ಎಂದೆ. ಡೀಸೆಲ್ ಉರಿದಂತೆ ಲಾರಿ ಹಗುರವಾಗುತ್ತದೆ. ಬ್ಯಾಟರಿ ಮಾತ್ರ ತುಂಬಿದ್ದರೂ ಬರಿದಾಗಿದ್ದರೂ ಅಷ್ಟೇ ತೂಗುತ್ತದೆ, ಅದೂ ಟನ್ನುಗಟ್ಟಲೆ. ಯುರೋಪಿನಲ್ಲಿ ಹೊಗೆಯಿಲ್ಲದ ಲಾರಿಗಳಿಗೆ ಎರಡು ಟನ್ನಿನವರೆಗೆ ಹೆಚ್ಚುವರಿ ತೂಕದ ರಿಯಾಯಿತಿ ಕೊಟ್ಟಿರುವುದು ಇದೇ ಕಾರಣಕ್ಕೆ. ಇನ್ನೊಬ್ಬರು, ಇಷ್ಟೆಲ್ಲ ಮಾಡಲು ಗುಮಾಸ್ತನಿಗೆ ಪುರುಸೊತ್ತೆಲ್ಲಿದೆ ಎಂದರು. ಗೋಡೆಯ ಮೇಲೊಂದು ಸಂಖ್ಯೆ, ಗಾಜಿನ ಕೆಳಗೊಂದು ಚೀಟಿ, ಇಷ್ಟಕ್ಕೆ ಪುರುಸೊತ್ತು ಬೇಕಿಲ್ಲ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಕೊನೆಗೆ ಬಾಗಿಲ ಬಳಿ ನಿಂತಿದ್ದ ಕ್ಲೀನರ್ ಹುಡುಗನೊಬ್ಬ ಕೈ ಎತ್ತಿದ. “ಸಾರ್, ಖಾಲಿ ತೂಕದಲ್ಲಿ ನಾವು ಬರುವುದಿಲ್ಲ ಎಂದಿರಿ. ಹಾಗಾದರೆ ನಾವು ಸರಕಿನ ಲೆಕ್ಕವೇ?” ತೂಕದ ಮಿತಿಯ ಮಟ್ಟಿಗೆ ಹೌದು ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಸಭೆ ಮುಗಿದ ಮೇಲೆ ಪಕ್ಕದ ಕಾಟಾದವರು ಚಹಾಕ್ಕೆ ಕರೆದಿದ್ದರು. ಅವನು ಓಡಿ ಹೋಗಿ ಕಾಟಾದ ನಟ್ಟನಡುವೆ ಒಬ್ಬನೇ ನಿಂತ. ಅರವತ್ತು ಟನ್ ತೂಗುವ ಕಾಟಾ ಸ್ವಲ್ಪ ಹೊತ್ತು ಯೋಚಿಸಿ, ಕೆಂಪು ಅಂಕಿಯಲ್ಲಿ 50 ಎಂದು ತೋರಿಸಿತು.